ಅಡಿಗೆಮನೆಯ ಕಟ್ಟೆಯೂ ನನ್ನ ಮುಂದಾಳತನವೂ

ಒಂದು ಮನೆಗೆ ಎಷ್ಟು ಚೀಲ ಸಿಮೆಂಟು ಬೇಕು, ಎಷ್ಟು ಲಾರಿ ಉಸುಕು ಬೇಕು ಎಂದು ಯಾರಾದರೂ ಕೇಳಿದರೆ ನಿಂತ ಕಾಲ ಮೇಲೆ ಹೇಳಿಬಿಡುತ್ತೇನೆ. ಎಷ್ಟು ಮಾತು ಬೇಕು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅಡಿಪಾಯಕ್ಕೆ ಹೋದ ಕಲ್ಲಿಗಿಂತ ಹೆಚ್ಚು ಮಾತು ಪ್ರತಿಯೊಂದು ಕಟ್ಟಡದ ಒಳಗೆ ಹೋಗಿರುತ್ತದೆ ಎಂಬ ಗುಮಾನಿ ನನಗಿದೆ. ಎಲ್ಲೋ ಒಂದು ಗೋಡೆ ಸೊಟ್ಟಗಿದ್ದರೆ ಅಲ್ಲಿ ಇಟ್ಟಿಗೆಯ ತಪ್ಪಿರುವುದಿಲ್ಲ. ಯಾರೋ ಯಾರಿಗೋ ಏನೋ ಹೇಳಿರುತ್ತಾರೆ, ಇಲ್ಲವೆ ಹೇಳಬೇಕಾದವನು ಚಹಾ ಕುಡಿಯಲು ಹೋಗಿರುತ್ತಾನೆ. ಇಪ್ಪತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದ ನನಗೆ ಈ ಜ್ಞಾನ ಬಂದದ್ದು ದೊಡ್ಡ ದೊಡ್ಡ ಕಟ್ಟಡಗಳಿಂದಲ್ಲ. ನಮ್ಮದೇ ಮನೆಯ ಅಡಿಗೆಮನೆಯಿಂದ, ಅದೂ ಬಲಗಾಲಿನ ಹೆಬ್ಬೆರಳಿನ ಮೂಲಕ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಸವಿ ಕೇಳಬೇಡಿ, ಪ್ರತಿ ಸಲ ಬೇರೆ ಹೇಳುತ್ತೇನೆ. ನನ್ನ ನೆನಪು ಸ್ವಲ್ಪ ಹೆಚ್ಚೇ ನುಣ್ಣಗೆ ಗಿಲಾವು ಮಾಡಿದ ಗೋಡೆಯಂಥದು. ನೋಡಲು ಚೆಂದ, ಒಳಗಿನ ಇಟ್ಟಿಗೆ ಹೇಗಿವೆಯೋ ದೇವರೇ ಬಲ್ಲ. ಆಗ ನಾನು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ಕಟ್ಟಡ ಗುತ್ತಿಗೆದಾರರ ಕಚೇರಿಯಲ್ಲಿ ಎಂಜಿನಿಯರನಾಗಿದ್ದೆ. ಒಂದು ದಿನ ಮಾಲಕರು ನಮ್ಮನ್ನೆಲ್ಲ ಒಂದು ಹೋಟೆಲಿನ ಸಭಾಂಗಣಕ್ಕೆ ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ: ಕಟ್ಟಡದ ಕೆಲಸದಲ್ಲಿ ಮುಂದಾಳತನ ಮತ್ತು ಸಂವಹನ. ಅಲ್ಲಿಯವರೆಗೆ ಕಟ್ಟಡದ ಕೆಲಸದಲ್ಲಿ ಸಂವಹನ ಎಂದರೆ ಮೂರನೇ ಅಂತಸ್ತಿನಿಂದ ಕೆಳಕ್ಕೆ ಕೂಗುವುದು ಎಂದು ನಾವು ತಿಳಿದಿದ್ದೆವು. ಟೈ ಕಟ್ಟಿಕೊಂಡ ಒಬ್ಬರು ಪುಣೆಯಿಂದ ಬಂದಿದ್ದರು. ನಮ್ಮನ್ನು ವೃತ್ತಾಕಾರವಾಗಿ ನಿಲ್ಲಿಸಿ, ಇಲ್ಲದ ಚೆಂಡೊಂದನ್ನು ಒಬ್ಬರಿಂದೊಬ್ಬರಿಗೆ ಎಸೆಯಲು ಹಚ್ಚಿದರು. ಅದರಿಂದ ಸಂಕೋಚ ಹೋಗುತ್ತದಂತೆ. ನನ್ನ ಸಂಕೋಚ ಹೋಯಿತು. ನಮ್ಮ ಲೆಕ್ಕಪತ್ರದ ಕುಲಕರ್ಣಿಯವರು ಮಾತ್ರ ಚೆಂಡು ತಮ್ಮ ಕೈಯಿಂದ ಬಿತ್ತೆಂದು ಕುರ್ಚಿಯ ಕೆಳಗೆ ಬಗ್ಗಿ ಹುಡುಕಿದ್ದು ಕಣ್ಣಿಗೆ ಕಟ್ಟಿದಂತಿದೆ. ಅವರು ತರಬೇತಿಗೆ ಬಂದೇ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಇರಬಹುದು.

ಎರಡು ಪಾಠಗಳು ನನ್ನ ಮನಸ್ಸಿಗೆ ನಾಟಿದವು. ಒಂದು: ಕೆಲಸಗಾರರಿಗೆ ಆಜ್ಞೆ ಒಂದೇ ಬಾಯಿಂದ ಹೋಗಬೇಕು, ನಾಲ್ಕು ಬಾಯಿಗಳು ಮಾತಾಡಿದರೆ ಕಟ್ಟಡ ಕೆಟ್ಟಿತು. ಎರಡು: ಹೇಳಿದ್ದನ್ನು ಕೇಳಿದವನ ಬಾಯಿಂದಲೇ ಮತ್ತೊಮ್ಮೆ ಹೇಳಿಸಬೇಕು. ಮೊದಲನೆಯ ಪಾಠಕ್ಕೆ ಇನ್ನೂ ಅರ್ಧ ಭಾಗವಿತ್ತೆಂದು ಕಾಣುತ್ತದೆ. ನನ್ನ ನೋಟುಬುಕ್ಕಿನಲ್ಲಿ ‘ಒಂದೇ ಬಾಯಿ, ಆದರೆ’ ಎಂದು ಬರೆದುಕೊಂಡಿದ್ದೇನೆ. ‘ಆದರೆ’ಯ ಮುಂದೆ ಪುಣೆಯವರ ಟೈಯ ಚಿತ್ರವಿದೆ. ಚಿತ್ರ ಚೆನ್ನಾಗಿಯೇ ಬಂದಿದೆ.

ಅದೇ ಹೊತ್ತಿಗೆ ರಾಯಾಪುರದಲ್ಲಿ ನಮ್ಮ ಸ್ವಂತ ಮನೆ ಏಳುತ್ತಿತ್ತು. ನನ್ನ ಹೆಂಡತಿ ಗಂಗಾ ಗಿಡ್ಡು. ಇದನ್ನು ನಾನು ಹೇಳುತ್ತಿಲ್ಲ, ಹುಬ್ಬಳ್ಳಿಯ ನಮ್ಮ ಬಾಡಿಗೆ ಮನೆಯ ಅಡಿಗೆಕಟ್ಟೆ ಹನ್ನೊಂದು ವರ್ಷ ದಿನಾ ಹೇಳುತ್ತಿತ್ತು. ಆ ಮನೆಯ ಮಾಲಕರ ಮನೆತನದವರೆಲ್ಲ ತಾಳೆಮರದಂಥವರು. ಅವರ ಕಟ್ಟೆಯ ಮೇಲೆ ರೊಟ್ಟಿ ಬಡಿಯಬೇಕಾದರೆ ಗಂಗಾ ಊಟದ ಮಣೆಯೊಂದನ್ನು ಕಾಲ ಕೆಳಗೆ ಹಾಕಿಕೊಳ್ಳಬೇಕಾಗುತ್ತಿತ್ತು. ಮೇಲೆ ರೊಟ್ಟಿಯ ಟಪ್ ಟಪ್, ಕೆಳಗೆ ಮಣೆಯ ಕುಟ್ ಕುಟ್. ಒಮ್ಮೆ ಮಣೆ ಜಾರಿ, ಬಿಸಿ ಹಂಚು ಮುಂಗೈಗೆ ತಾಗಿ, ತಿಂಗಳೊಪ್ಪತ್ತು ಬಟ್ಟೆ ಕಟ್ಟಿಕೊಂಡಿದ್ದಳು. ಆದ್ದರಿಂದ ಹೊಸ ಮನೆಯ ನಕ್ಷೆಯನ್ನು ನಾನು ಹೆಮ್ಮೆಯಿಂದ ಹರವಿ ತೋರಿಸಿದಾಗ, ಪಡಸಾಲೆಯನ್ನೂ ನೋಡಲಿಲ್ಲ, ಕಮಾನಿನ ಕಿಟಕಿಯನ್ನೂ ನೋಡಲಿಲ್ಲ. “ನಿಮಗ ಹೆಂಗ ಬೇಕ ಹಂಗ ಕಟ್ಟಿಸ್ರಿ. ನನಗ ಮಾತ್ರ ಹೊಸಾ ಮನ್ಯಾಗ ಮಣಿ ಬ್ಯಾಡ. ನನ್ನ ಕಾಲು ನೆಲದ ಮ್ಯಾಲ ಇರಬೇಕು” ಎಂದಳು. ಇಡೀ ಮನೆಯಲ್ಲಿ ಅವಳು ಕೇಳಿದ್ದು ಅದೊಂದೇ. “ಆತು, ನನಗ ಬಿಡು” ಎಂದೆ. ನಕ್ಷೆಯನ್ನು ಸುರುಳಿ ಸುತ್ತಿ, ಕೈಗೆ ಸಿಕ್ಕ ದಾರವೊಂದರಿಂದ ಕಟ್ಟಿ, ಕಂಕುಳಲ್ಲಿಟ್ಟುಕೊಂಡು ಸ್ಕೂಟರ್ ಹತ್ತಿದೆ.

ನಮ್ಮ ಗೌಂಡಿ ಮಾಬುಸಾಬ. ಅವನ ಕೈಯಲ್ಲಿ ಕರಣೆ ಇದ್ದರೆ ಗೋಡೆ ತಾನಾಗಿ ಎದ್ದು ನಿಲ್ಲುತ್ತದೆ ಎಂಬ ಖ್ಯಾತಿ. ನನ್ನ ನೆನಪಿನಲ್ಲಿ ಅವನು ಯಾವಾಗಲೂ ಕೆಂಪು ರುಮಾಲಿನಲ್ಲಿದ್ದಾನೆ. ಇರುವ ಒಂದೇ ಫೋಟೋದಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದಾನೆ. ತರಬೇತಿ ಮುಗಿದ ಮರುದಿನವೇ ಅವನನ್ನು ಕರೆದು ಹೇಳಿದೆ: “ನೋಡು ಮಾಬುಸಾಬ, ಇನ್ನ ಮ್ಯಾಲ ಏನಿದ್ರೂ ನನ್ನನ್ನ ಕೇಳಬೇಕು. ನಮ್ಮ ಮನಿಯವರನ್ನ ಕೇಳೂದು, ಅವರು ಬಂದು ಹೇಳೂದು, ಎರಡೂ ಬ್ಯಾಡ. ಏನ್ ಹೇಳಿದೆ? ಹೇಳು ನೋಡೋಣು.”

“ಏನಿದ್ರೂ ನಿಮ್ಮನ್ನ ಕೇಳಬೇಕು ಅಂದ್ರಿ.”

“ಮತ್ತ?”

“ಬಾಯಾರನ್ನ ಕೇಳಬಾರದು ಅಂದ್ರಿ.”

ಸಂವಹನ ಇಷ್ಟು ಸುಲಭವೆಂದು ನನಗೆ ಗೊತ್ತೇ ಇರಲಿಲ್ಲ. ಅದೇ ಹುರುಪಿನಲ್ಲಿ ಮನೆಗೆ ಬಂದು ಗಂಗಾಗೂ ಹೇಳಿದೆ, ಕೆಲಸದ ಜಾಗಕ್ಕೆ ಬಂದರೆ ಬರಲಿ, ಆದರೆ ಯಾರಿಗೂ ಏನೂ ಹೇಳಕೂಡದು ಎಂದು. ಅವಳು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳಿಂದ ಮಾತ್ರ ತಿರುಗಿ ಹೇಳಿಸುವ ಧೈರ್ಯವಾಗಲಿಲ್ಲ.

ಸ್ಲ್ಯಾಬ್ ಹಾಕಿದ ದಿನ ನನ್ನನ್ನು ಒಂದು ಕುತೂಹಲ ಹಿಡಿಯಿತು. ಕೆಳಗಿನಿಂದ ಮೇಲಿನವರೆಗೆ ಹದಿನೈದಿಪ್ಪತ್ತು ಜನ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ತುಂಬಿದ ಬುಟ್ಟಿ ಮೇಲೆ, ಖಾಲಿ ಬುಟ್ಟಿ ಕೆಳಗೆ. ಯಾರೂ ಯಾರಿಗೂ ಆಜ್ಞೆ ಕೊಡುತ್ತಿಲ್ಲ. ಒಬ್ಬಳು ಇನ್ನೊಬ್ಬಳ ಸೊಸೆಯ ಬಗ್ಗೆ ಏನೋ ಹೇಳುತ್ತಿದ್ದಾಳೆ, ಮತ್ತೊಬ್ಬಳು ನಗುತ್ತಿದ್ದಾಳೆ, ಒಂದು ಬುಟ್ಟಿಯೂ ಬೀಳುತ್ತಿಲ್ಲ. ಇದರಲ್ಲಿ ಮುಂದಾಳು ಯಾರು? ತರಬೇತಿಯ ಪ್ರಕಾರ ಒಬ್ಬರು ಇರಲೇಬೇಕು. ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಾಡಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ನಡುವೆ ನಿಂತಿದ್ದ, ಶಿರಗುಪ್ಪಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಫಕೀರವ್ವನನ್ನು ಕೇಳಿದೆ.

“ಫಕೀರವ್ವಾ, ಇಲ್ಲೆ ಯಾವಾಗ ಎತ್ತಬೇಕು, ಯಾವಾಗ ಕೊಡಬೇಕು ಅಂತ ಹೇಳೂರು ಯಾರು?”

“ಯಾರೂ ಹೇಳಂಗಿಲ್ರಿ. ಬುಟ್ಟಿ ಬರ್ತೈತಿ, ಕೈ ಹೋಗ್ತೈತಿ. ಈಗ ನೀವು ಅಡ್ಡ ನಿಂತೀರಿ, ಸ್ವಲ್ಪ ಸರೀರಿ.”

ಇಡೀ ಸಾಲು ನಕ್ಕಿತು. ನಾನು ಸರಿದೆ, ಈ ಉತ್ತರವನ್ನು ನೋಟುಬುಕ್ಕಿನಲ್ಲೂ ಬರೆದುಕೊಂಡೆ. ಅದರ ಅರ್ಥ ಮಾತ್ರ ಬರೆದುಕೊಳ್ಳಲಿಲ್ಲ. ಅದೇ ಸಂಜೆಯೋ ಮರುದಿನವೋ ಫಕೀರವ್ವ ನನ್ನ ಹತ್ತಿರ ಬಂದು, “ಸಾಹೇಬ್ರ, ಬಾಯಾರು ಅಡಿಗಿ ಕಟ್ಟೀದು ಒಂದು...” ಎಂದು ಶುರು ಮಾಡಿದಳು. ನಾನು ಕೈಯೆತ್ತಿ ತಡೆದೆ. “ಏನಿದ್ರೂ ಮಾಬುಸಾಬಗ ಹೇಳು, ಅವ ನನಗ ಹೇಳ್ತಾನ.” ಅವಳು ಮಾಬುಸಾಬನ ಹತ್ತಿರ ಹೋದಳು. ಅವನು, “ಸಾಹೇಬ್ರು ಹೇಳಿದ್ರಷ್ಟ ತಗೋತೇನವಾ” ಎಂದನಂತೆ. ಮಾತು ಹೀಗೆ ನಮ್ಮ ಮೂವರ ನಡುವೆ ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಹೋಗಿ ಕುಳಿತಿತು. ಆಗ ನನಗೆ ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎನಿಸಿತ್ತು.

ನಮ್ಮ ಕಡೆಯ ಹಳೆಯ ಗೌಂಡಿಗಳು ಅಡಿಗೆಕಟ್ಟೆಯ ಎತ್ತರವನ್ನು ಟೇಪಿನಿಂದ ಅಳೆಯುವುದಿಲ್ಲ. ಆ ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ಕರೆಸಿ, ನಿಲ್ಲಿಸಿ, ಗಾಳಿಯಲ್ಲಿ ನಾಲ್ಕು ರೊಟ್ಟಿ ಬಡಿಸಿ, ಅಂಗೈ ಎಲ್ಲಿ ಬೀಳುತ್ತದೋ ಅಲ್ಲಿ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆಯುತ್ತಾರೆ. ನನ್ನ ನಕ್ಷೆಯಲ್ಲಿ ಕಟ್ಟೆಯ ಉದ್ದ ಅಗಲ ಇದ್ದವು, ಎತ್ತರ ಬರೆದಿರಲಿಲ್ಲ. ಮಾಬುಸಾಬ ಒಂದು ದಿನ, “ಬಾಯಾರನ್ನ ಒಂದ್ ತಾಸು ಕಳಸ್ರಿ, ಕೆಲಸೈತಿ” ಎಂದ. “ಏನಿದ್ರೂ ನನ್ನನ್ನ ಕೇಳು ಅಂದಿದ್ದೆ” ಎಂದೆ. ಎರಡು ದಿನ ಬಿಟ್ಟು, “ಹಂಗಾರ ನೀವ ಬರ್ರಿ. ಇಲ್ಲೆ ನಿಂದರ್ರಿ. ನಾಕು ರೊಟ್ಟಿ ಬಡೀರಿ ನೋಡೋಣು” ಎಂದ.

ಆಗಲೂ ನಿಮಗೆ ತಿಳಿಯಲಿಲ್ಲವೆ ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಇಲ್ಲಿಯವರೆಗೆ ನಾಲ್ಕೈದು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಸತ್ಯಕ್ಕೆ ಹತ್ತಿರದ್ದು ಇದು: ನನಗೆ ಆ ಕ್ಷಣ ಪುಣೆಯವರ ಇಲ್ಲದ ಚೆಂಡು ನೆನಪಾಯಿತು. ಆಹಾ, ಕೆಲಸಗಾರರು ತಾವಾಗಿ ಸಂಕೋಚ ಬಿಟ್ಟು ನನ್ನನ್ನು ಆಟಕ್ಕೆ ಕರೆಯುತ್ತಿದ್ದಾರೆ ಎಂದು ಎದೆ ತುಂಬಿಬಂತು. ತೋಳು ಮಡಚಿ, ಆರಡಿಯ ಆಸಾಮಿ ನಾನು, ಗಾಳಿಯಲ್ಲಿ ನಾಲ್ಕೆಂದರೆ ಏಳೆಂಟು ರೊಟ್ಟಿ ಬಡಿದೆ. ಒಂದನ್ನು ತಿರುವಿಯೂ ಹಾಕಿದೆ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು. ಫಕೀರವ್ವ ಒಬ್ಬಳೇ ನಗದೆ, ತನ್ನ ಸೆರಗಿನ ಗಂಟನ್ನು ಹಿಡಿದುಕೊಂಡು ನಿಂತಿದ್ದಳು. ಮಾಬುಸಾಬ ಗೋಡೆಗೆ ಗೆರೆ ಎಳೆದ.

ಗೃಹಪ್ರವೇಶಕ್ಕೆ ಎಂಟು ದಿನವಿದ್ದಾಗ ಗಂಗಾಳನ್ನು ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ಕಡಪಾ ಕಲ್ಲು ಕರ್ರಗೆ ಹೊಳೆಯುತ್ತಿತ್ತು. ಅವಳು ಹೋಗಿ ಅದರ ಮುಂದೆ ನಿಂತಳು. ಕಲ್ಲು ಅವಳ ಎದೆಗೂಡಿಗೆ ಬರುತ್ತಿತ್ತು. ಅವಳು ಎರಡೂ ಅಂಗೈಗಳನ್ನು ಮೇಲೆತ್ತಿ ಕಲ್ಲಿನ ಮೇಲಿಟ್ಟಳು, ಅಂಗಡಿಯ ಕಟ್ಟೆಯಾಚೆ ಇಣುಕುವವರ ಹಾಗೆ. ಅವಳ ಮುಂಗೈ ಮೇಲಿನ ಸುಟ್ಟ ಕಲೆ, ಬಾಡಿಗೆ ಮನೆಯಲ್ಲಿ ನಾನು ಗಮನಿಸದೆ ಬಿಟ್ಟದ್ದು, ಆ ಕರಿಯ ಕಲ್ಲಿನ ಮೇಲೆ ಬಹಳ ಸ್ಪಷ್ಟವಾಗಿ ಕಂಡಿತು. ಇಷ್ಟು ಹೊತ್ತು ನಗಿಸಲು ನೋಡಿದೆನಲ್ಲ, ಈ ಜಾಗದಲ್ಲಿ ನನಗೂ ನಗು ಬರುವುದಿಲ್ಲ.

ಆಮೇಲೆ ಅವಳು ನನ್ನನ್ನು ದಾಟಿ ನೇರವಾಗಿ ಅಲ್ಲೇ ನಿಂತಿದ್ದ ಗೌಂಡಿಯನ್ನು ಕೇಳಿದಳು: “ಮಾಬುಸಾಬ, ಇದು ಯಾರ ಅಳತಿ?”

“ಸಾಹೇಬ್ರದರಿ ಬಾಯಾರ.”

“ನನ್ನನ್ನ ಕೇಳಬಾರದಾ?”

“ಕೇಳಬ್ಯಾಡ ಅಂದಿದ್ರರಿ. ನನ್ನ ಬಾಯಿಲೇನ ತಿರುಗಿ ಹೇಳಿಸ್ಯಾರ್ರಿ. ಮತ್ತ ಬಡೀರಿ ಅಂದ ಕೂಡ್ಲೆ ಎಷ್ಟ ಛಂದ ಬಡದ್ರರಿ! ದಿನಾ ಇವರ ಬಡೀತಾರೋ ಏನೋ ಅನ್ಕೊಂಡ್ನಿ.”

ನಾನು ಕಲ್ಲು ಒಡೆಯೋಣ ಎಂದೆ. ಒಡೆದರೆ ಕೆಳಗಿನ ನಳದ ಪೈಪು, ಗೋಡೆಯ ಟೈಲ್ಸು ಎಲ್ಲ ಹೋಗುತ್ತವೆ ಎಂದು ಮಾಬುಸಾಬ ತಲೆಯಾಡಿಸಿದ. “ನಾನು ಮತ್ತ ಮಣಿ ಹತ್ತೂದಿಲ್ಲ” ಎಂದಳು ಗಂಗಾ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಸಿರು ದಾರ ತೆಗೆದಳು. ದಾರದ ನಡುವೆ ಒಂದು ಗಂಟಿತ್ತು. ಗಂಗಾ ತನ್ನ ಅಳತೆಯನ್ನು, ನೆಲದಿಂದ ಕಟ್ಟೆಯವರೆಗೆ ಎಷ್ಟಿರಬೇಕೋ ಅಷ್ಟಕ್ಕೆ ಗಂಟು ಹಾಕಿ, ಯಾವಾಗಲೋ ಅವಳ ಕೈಗೆ ಕೊಟ್ಟಿದ್ದಳು. ಫಕೀರವ್ವ ಅದನ್ನು ತಿಂಗಳುಗಟ್ಟಲೆ ಶಿರಗುಪ್ಪಿಗೆ ಒಯ್ದು ತಂದು ಮಾಡಿದ್ದಳು. “ಯಾರರ ಕೇಳಿದ್ರ ಕೊಡ್ತಿದ್ನೆವಾ” ಎಂದಳು.

ಮಾಬುಸಾಬ ದಾರದ ಗಂಟನ್ನು ಕಟ್ಟೆಯ ಅಂಚಿಗೆ ಹಿಡಿದು ಕೆಳಗೆ ಬಿಟ್ಟ. ತುದಿ ನೆಲದಿಂದ ಒಂದು ಗೇಣು ಮೇಲೆ ನಿಂತಿತು. ಅವನು ಆ ಗೇಣಿನಷ್ಟು ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದ. “ಕಟ್ಟಿ ಇಳಸೂದು ಬ್ಯಾಡ್ರಿ, ನೆಲಾ ಏರಸೋಣು. ಕಟ್ಟಿ ಮುಂದ ಈ ಕಡೆ ಗ್ವಾಡಿಯಿಂದ ಆ ಕಡೆ ಗ್ವಾಡಿ ತನಕ.”

“ಅದೂ ಮಣಿನ ಆತಲ್ಲೋ?”

“ಮಣಿ ಅಲಗ್ಯಾಡ್ತೈತ್ರಿ, ಬಾಯಾರ. ನೆಲಾ ಅಲಗ್ಯಾಡಂಗಿಲ್ಲ.”

ಗಂಗಾ ನಕ್ಕಳು. ಮೂವರೂ ಬಗ್ಗಿ, ಅಳೆದು, ಒಬ್ಬರ ಮಾತು ಒಬ್ಬರು ತುಂಡರಿಸಿ, ಐದು ನಿಮಿಷದಲ್ಲಿ ಎಲ್ಲ ಮುಗಿಸಿದರು. ಯಾರೂ ಯಾರಿಂದಲೂ ತಿರುಗಿ ಹೇಳಿಸಲಿಲ್ಲ. ನಾನು ನಕ್ಷೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಫಕೀರವ್ವ, “ಸ್ವಲ್ಪ ಸರೀರಿ ಸಾಹೇಬ್ರ” ಎಂದಳು. ಇದು ಎರಡನೆಯ ಸಲ.

ಅಂದಿನಿಂದ ನಮ್ಮ ಅಡಿಗೆಮನೆಯ ಅರ್ಧ ನೆಲ ಒಂದು ಗೇಣು ಎತ್ತರ. ಗಂಗಾ ಅಲ್ಲಿ ರಾಣಿಯ ಹಾಗೆ ನಿಂತು ರೊಟ್ಟಿ ಬಡಿಯುತ್ತಾಳೆ. ನಾನು ಬೆಳಗಿನ ಚಹಾಕ್ಕೆ ಅರೆನಿದ್ದೆಯಲ್ಲಿ ಹೋಗಿ ಆ ಮೆಟ್ಟಿಲಿಗೆ ಹೆಬ್ಬೆರಳು ಎಡವುತ್ತೇನೆ. ಇಷ್ಟಾದರೂ ಕಚೇರಿಯಲ್ಲಿ ಹೊಸ ಎಂಜಿನಿಯರುಗಳಿಗೆ ಮುಂದಾಳತನದ ಪಾಠ ಹೇಳುವ ಕೆಲಸ ಈಗ ನನ್ನದೇ. ಈ ಕಥೆಯನ್ನೇ ಹೇಳುತ್ತೇನೆ. ದಾರವನ್ನು ಸೆರಗಿನಿಂದ ತೆಗೆದ ಕೂಡಲೇ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದಕ್ಕೇ ಬರೆದೂ ಬಿಡೋಣ ಎಂದು ಬರೆದು, ಮೊನ್ನೆ ಗಂಗಾಗೆ ಓದಿ ತೋರಿಸಿದೆ. ಅವಳು ಮೆಟ್ಟಿಲ ಮೇಲೆ, ನಾನು ಕೆಳಗೆ.

ರೊಟ್ಟಿ ಬಡಿಯುತ್ತಲೇ ಪೂರ್ತಿ ಕೇಳಿದಳು. “ಛಲೋ ಐತ್ರಿ. ಆದ್ರ ಫಕೀರವ್ವಗ ಕೊಟ್ಟದ್ದು ಎರಡನೇ ದಾರ.”

“ಮೊದಲನೇದು?”

“ನಿಮಗ ಕೊಟ್ಟಿದ್ದೆ. ನಕ್ಷೆ ತೋರಿಸಿದ್ರಲ್ಲ, ಆ ದಿನಾನ. ಮಣಿ ಬ್ಯಾಡ ಅಂತ ಹೇಳಿ ಕೈಯಾಗ ಇಟ್ಟೆ. ನೀವು ‘ಆತು, ನನಗ ಬಿಡು’ ಅಂದ್ರಿ.”

ಹಾಗಾಗಿರಲು ಸಾಧ್ಯವೇ ಇಲ್ಲ ಎಂದು ಅಟ್ಟ ಹತ್ತಿ, ಧೂಳು ತುಂಬಿದ ನಕ್ಷೆಯ ಸುರುಳಿಯನ್ನು ಹುಡುಕಿ ತಂದೆ. ಅದರ ನಡುವಿಗೆ ಮೂರು ಸುತ್ತು ಹಸಿರು ದಾರ. ಬಿಚ್ಚಿದೆ. ನಡುವೆ ಗಂಟು. ಮೆಟ್ಟಿಲು ಹತ್ತಿ, ಒಂದು ತುದಿಯನ್ನು ಏರಿಸಿದ ನೆಲಕ್ಕೆ ಹಿಡಿದು ಮೇಲಕ್ಕೆಳೆದೆ. ಗಂಟು ಕಟ್ಟೆಯ ಅಂಚಿಗೆ ಸರಿಯಾಗಿ ಬಂದು ನಿಂತಿತು, ಕೂದಲೆಳೆಯ ಫರಕಿಲ್ಲದೆ. ಮನೆ ಕಟ್ಟಿ ಮುಗಿಯುವವರೆಗೆ ಅದನ್ನು ದಿನಾ ಕಂಕುಳಲ್ಲಿಟ್ಟುಕೊಂಡು ತಿರುಗಿದವನು ನಾನು.

ದಾರವನ್ನು ಮತ್ತೆ ನಕ್ಷೆಗೆ ಸುತ್ತಲು ಹೋದೆ. ಗಂಗಾ ಹಿಟ್ಟಿನ ಕೈ ಚಾಚಿ ಅದನ್ನು ಇಸಿದುಕೊಂಡು, ಕಟ್ಟೆಯ ಮೇಲೆ ಬಿಚ್ಚಿ ಬಿದ್ದಿದ್ದ ಮೆಂತೆಸೊಪ್ಪಿನ ಸೂಡಿಗೆ ಸುತ್ತಿದಳು.

“ನಿಮ್ಮ ಕೈಯಾಗ ಕೊಟ್ರ ಮತ್ತ ಹತ್ತು ವರ್ಷಾ. ಈಗ ಸರೀರಿ, ರೊಟ್ಟಿ ಹೊತ್ತತೈತಿ.”

ಸರಿದೆ. ಸರಿಯುವಾಗ ಮೆಟ್ಟಿಲ ಮೇಲಿದ್ದೇನೆಂಬುದು ಮರೆತಿತ್ತು.