ಚರಗದೂಟಕ್ಕೆ ಬಂದ ಚಾಂದನಿಗೆ ಮೂರನೇ ತರಗತಿಯ ದೂರು

ಇವರಿಗೆ,
ಸನ್ಮಾನ್ಯ ಶ್ರೀಮತಿ ಚಾಂದನಿಯವರು, ಆಡು,
ಖಾತುನಬಿಯವರ ಹಿತ್ತಲು, ಇಂಡಿ ತಾಲೂಕು.

ಮಾನ್ಯರೇ,

ಹಣೆಯ ಮೇಲೆ ಚಂದ್ರನಂಥ ಬಿಳಿ ಮಚ್ಚೆಯನ್ನೂ, ಗದ್ದದ ಕೆಳಗೆ ನಮ್ಮ ಮುಖ್ಯ ಗುರುಗಳಿಗೂ ಒದಗದಷ್ಟು ಗಂಭೀರವಾದ ಗಡ್ಡವನ್ನೂ ಹೊಂದಿರುವ ತಮಗೆ, ಮೂರನೇ ತರಗತಿಯ ಇಪ್ಪತ್ನಾಲ್ಕು ಮಕ್ಕಳೂ ಅವರ ಟೀಚರಾದ ಸುನೀತಾ ಎಂಬ ನಾನೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಎಳ್ಳ ಅಮಾವಾಸ್ಯೆಯ ಮರುದಿನ ನಮ್ಮ ಶಾಲೆಗೆ ದಯಮಾಡಿಸಿ ನಡೆಸಿದ ತಪಾಸಣೆಯ ಬಗ್ಗೆ ನಮಗೆ ಕೆಲವು ತಕರಾರುಗಳಿವೆ. ಮೇಯುವ ಕೆಲಸ ಮುಗಿದು ಮೆಲುಕು ಹಾಕುವ ಬಿಡುವಿನಲ್ಲಿ ತಾವು ಇದನ್ನು ಪರಿಶೀಲಿಸಬೇಕು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ನಾನು ವಿಜಯಪುರದ ಪೇಟೆಯ ಓಣಿಯಲ್ಲಿ ಬೆಳೆದವಳು, ಕಡಲೆಯನ್ನು ಪುಟಾಣಿಯಾಗಿ, ಹಿಟ್ಟಾಗಿ, ಭಜಿಯಾಗಿ ಬಲ್ಲೆನೇ ಹೊರತು ಗಿಡವಾಗಿ ಬಲ್ಲವಳಲ್ಲ. ಇಂಥ ನಾನು ಹೊಲದಲ್ಲೇ ಹುಟ್ಟಿದಂತಿರುವ ಮಕ್ಕಳಿಗೆ ಗಿಡದ ಜೀವನಚಕ್ರ ಕಲಿಸಬೇಕಿತ್ತು, ಗೋಡೆಯ ಚಿತ್ರಪಟದಲ್ಲಿ ಬೀಜ, ಮೊಳಕೆ, ಗಿಡ, ಹೂವಿನವರೆಗೆ ಎಲ್ಲವೂ ಇದ್ದು, ಮತ್ತೆ ಬೀಜವಾಗುವ ಕೊನೆಯ ಮೂಲೆಯನ್ನು ಮಾತ್ರ ಇಲಿ ತಿಂದಿತ್ತು. ಆ ಮೂಲೆಯನ್ನು ನಾವೇ ಬೆಳೆದು ತೋರಿಸೋಣವೆಂದು ನಾನು ಉತ್ಸಾಹದಲ್ಲಿ ಹೇಳಿಬಿಟ್ಟೆ.

ಆಗ ತಮ್ಮ ಯಜಮಾನಿಯವರಾದ ಖಾತುನಬಿಯವರು ನಮ್ಮ ತರಗತಿಯಲ್ಲೇ ಓದುವ ಮೊಮ್ಮಗಳು ಅಫ್ರೀನಳ ಕೈ ಹಿಡಿದುಕೊಂಡು ಶಾಲೆಗೆ ಬಂದರು. ಅವರ ಕಂಕುಳಲ್ಲಿ ಒಣಗಿದ ಸೋರೆಬುರುಡೆ, ಅದರೊಳಗೆ ಬೂದಿ, ಬೂದಿಯೊಳಗೆ ಅವರ ಅತ್ತೆಯ ಕಾಲದಿಂದ ಉಳಿದುಬಂದ ಸಣ್ಣ ಕೆಂಪು ಜವಾರಿ ಕಡಲೆ. ಮಗ ಹೊಲಕ್ಕೆಲ್ಲ ಲಿಂಬೆ ಹಚ್ಚಿದ ಮೇಲೆ ಅದನ್ನು ಬಿತ್ತಲು ಅವರಿಗೆ ಅಂಗೈಯಗಲ ನೆಲವೂ ಉಳಿದಿರಲಿಲ್ಲ. ನುಸಿ ಹಿಡಿಯದ ಕಾಳು ಆರಿಸಿದರೆ ಇಪ್ಪತ್ತೈದೇ ಸಿಕ್ಕವು. "ಇನ್ನೊಂದ ವರ್ಷ ಇಟ್ರ ಇವೂ ಹುಟ್ಟೂದಿಲ್ರಿ ಬಾಯಾರ, ಇದ್ದದ್ದ ಇಷ್ಟ. ನೆಲಾ ಕಾಣಸ್ರಿ, ತಿರಗಿ ನನ್ನ ಬುರುಡಿಗಿ ಹಾಕ್ರಿ" ಎಂದು ನನ್ನ ಸೆರಗಿಗೆ ಸುರಿದರು. ಅಷ್ಟು ಹಗುರವಾದ ಗಂಟು ನನ್ನ ಕೈಗೆ ಅಷ್ಟು ಭಾರವಾದದ್ದು ಅದೇ ಮೊದಲು.

ಮಕ್ಕಳಿಗೆ ಒಂದೊಂದು, ನನಗೊಂದು. ಹಳೆಯ ಎಣ್ಣೆ ಡಬ್ಬಿಗಳಿಗೆ ತೂತು ಹಾಕಿ ಎರೆಮಣ್ಣು ತುಂಬಿ ಬಿತ್ತಿದೆವು, ಒಂದೂ ತಪ್ಪದೆ ಇಪ್ಪತ್ತೈದೂ ಹುಟ್ಟಿದವು. ಅಳತೆಪಟ್ಟಿ ಹಿಡಿದು ದಿನಾ ಅಳೆದು ಬರೆದೆವು. ಮಕ್ಕಳ ಡಬ್ಬಿಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರೆ, ನನ್ನ ಡಬ್ಬಿಯನ್ನು ಮಾತ್ರ ನಾನು ಗಾಳಿ ಬಡಿದೀತು, ಬಿಸಿಲು ತಾಗೀತು ಎಂದು ಆಫೀಸಿನ ಕಿಟಕಿಯೊಳಗೆ ಕೂರಿಸಿ ಹೊತ್ತು ಹೊತ್ತಿಗೆ ನೀರುಣಿಸಿ ಸಾಕಿದೆ.

ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೆಳೆಗೆ ಉಣಿಸಿ ಬಂದ ಮಕ್ಕಳಿಗೆ ಮರುದಿನ ಒಂದು ನ್ಯಾಯವಾದ ಪ್ರಶ್ನೆ ಹುಟ್ಟಿತು. ಊರಿನ ಬೆಳೆಯೆಲ್ಲ ಉಂಡಿರುವಾಗ ಶಾಲೆಯ ಬೆಳೆ ಉಪವಾಸ ಇರಬೇಕೇ? ಮಧ್ಯಾಹ್ನ ನಾನು ಬಿಸಿಯೂಟದ ದಾಖಲೆ ತುಂಬುತ್ತಿದ್ದಾಗ ಅವರು ಮನೆಯಲ್ಲಿ ಉಳಿದ ಸಜ್ಜೆ ಕಡುಬು, ಪುಂಡಿಪಲ್ಯ, ಎಳ್ಳು ಹಚ್ಚಿದ ರೊಟ್ಟಿಯ ಚೂರುಗಳನ್ನು ಡಬ್ಬಿ ಡಬ್ಬಿಗೂ ಚೆಲ್ಲಿ, ಹಿರಿಯರಂತೆಯೇ ಕೂಗು ಹಾಕಿ, ಚರಗವನ್ನು ಸಾಂಗವಾಗಿ ಮುಗಿಸಿದ್ದರು. ಆಮೇಲೆ ಗೇಟು ತೆರೆದವಳು ಅಫ್ರೀನ. ಯಾಕವ್ವಾ ತೆರೆದೆ ಎಂದು ಕೇಳಿದ್ದಕ್ಕೆ ಅವಳು ನನ್ನ ಅಜ್ಞಾನಕ್ಕೆ ಮರುಗುತ್ತಾ, "ಚರಗದಾಗ ದಾರೀಲೆ ಹೋಗವ್ರನ್ನ ಉಣ್ಣಾಕ ಕರೀಬೇಕಲ್ರಿ ಟೀಚರ? ಚಾಂದನಿ ದಾರೀಲೆ ಹೊಂಟಿತ್ತು" ಎಂದಳು.

ಆದ್ದರಿಂದ ತಾವು ನುಗ್ಗಿದಿರಿ ಎಂದು ದೂರುವಂತಿಲ್ಲ, ಕರೆದಿದ್ದಕ್ಕೆ ಬಂದಿರಿ. ಆದರೆ ಮಾನ್ಯರೇ, ಕರೆದದ್ದು ಕಡುಬಿಗೆ. ತಾವು ಕಡುಬನ್ನು ಬಾಯಾಡಿಸಲಿಕ್ಕೆಂದು ತಿಂದು, ಊಟಕ್ಕೆ ಕಡಲೆಯನ್ನೇ ಆರಿಸಿಕೊಂಡಿರಿ. ಆರು ಗಿಡ ಬೇರುಸಹಿತ ಹೋದವು, ಹದಿನೆಂಟರ ತಲೆ ಹೋಯಿತು. ಇಲಾಖೆಯ ಯಾವ ಅಧಿಕಾರಿಯೂ ಹತ್ತು ನಿಮಿಷದಲ್ಲಿ ಇಪ್ಪತ್ನಾಲ್ಕು ಮಕ್ಕಳ ಕೆಲಸವನ್ನು ಇಷ್ಟು ಕೂಲಂಕಷವಾಗಿ ಪರಿಶೀಲಿಸಿದ್ದನ್ನು ನಾನು ಕಂಡಿಲ್ಲ. ಒಂದು ಡಬ್ಬಿಯನ್ನೂ ಬಿಡಲಿಲ್ಲ, ಯಾರಿಗೂ ಪಕ್ಷಪಾತ ಮಾಡಲಿಲ್ಲ, ಹೋಗುವಾಗ ಹಿಕ್ಕೆಯ ರೂಪದಲ್ಲಿ ಷರಾ ಕೂಡ ಬರೆದಿಟ್ಟಿರಿ. ಮಕ್ಕಳ ಮುಂದೆ ಟೀಚರು ಅಳಬಾರದು ಅನ್ನುತ್ತಾರೆ, ನಾನು ಅತ್ತೆ.

ಸಂಜೆ ಖಾತುನಬಿಯವರು ಬಂದು ತಮ್ಮ ಕಿವಿ ಹಿಂಡಿದ್ದು ತಮಗೆ ನೆನಪಿರಬಹುದು. ಆಮೇಲೆ ಅವರು ಒಂದೊಂದೇ ಮೋಟನ್ನು ಮುಟ್ಟಿ ನೋಡಿ, "ನಾವೂ ಕುಡಿ ಚೂಟತೇವ್ರಿ, ಆದ್ರ ಬೆರಳೀಲೆ. ಇದು ಹಲ್ಲೀಲೆ ಚೂಟೈತಿ. ಬೇರ ಗಟ್ಟಿದ್ರ ಚಿಗೀತೈತಿ, ಇಲ್ಲಾಂದ್ರ ಇಲ್ಲ" ಎಂದು ಖಾಲಿ ಬುರುಡೆಯನ್ನು ಬಿಸಿಲಿಗೆ ಇಡಲು ಹೋದರು. ಆ ವಾರವೆಲ್ಲ ಅಫ್ರೀನ ತನ್ನ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಳತೆಪಟ್ಟಿ ಇಡುತ್ತಿದ್ದಳು, ಪುಸ್ತಕದಲ್ಲಿ ದಿನವೂ ಸೊನ್ನೆ ಬರೆಯುತ್ತಿದ್ದಳು. ನಾನು ಅವಳ ಪುಸ್ತಕಕ್ಕೆ ಸಹಿ ಹಾಕುವುದನ್ನೇ ಬಿಟ್ಟೆ.

ಎಂಟನೇ ದಿನ ಅವಳು ಪಟ್ಟಿಯನ್ನು ಬಿಸಾಕಿ ಓಡಿಬಂದಳು. ತಾವು ಒಂದು ತಲೆ ತಿಂದಲ್ಲಿ ನಾಲ್ಕು ತಲೆ ಎದ್ದಿದ್ದವು. ಹದಿನೈದು ದಿನದಲ್ಲಿ ಡಬ್ಬಿಯೇ ಕಾಣದಂತೆ ಗಿಡ ಹಬ್ಬಿ, ಬರಬರುತ್ತ ಟೊಂಗೆ ಟೊಂಗೆಗೂ ಹೂ ಕಚ್ಚಿ, ಹೂವೆಲ್ಲ ಕಾಯಾಯಿತು. ನಾನು ಕಿಟಕಿಯೊಳಗೆ ಮುದ್ದಿನಿಂದ ಸಾಕಿದ ಗಿಡವಾದರೋ ಬೆಳಕು ಹುಡುಕುತ್ತಾ ಉದ್ದಕ್ಕೆ ಬೆಳೆದು, ಸೊಂಟ ಮುರಿದು ಮಲಗಿ, ಮೂರೇ ಮೂರು ಕಾಯಿ ಬಿಟ್ಟಿತು. ಬಿ.ಇಡಿ. ಮಾಡಿದವಳ ಗಿಡಕ್ಕೆ ಮೂರು ಕಾಯಿ, ತಾವು ಕಲಿಸಿದ ಗಿಡಗಳಿಗೆ ಎಣಿಸಲಾಗದಷ್ಟು ಕಾಯಿ ಎಂಬ ಫಲಿತಾಂಶವನ್ನು ಮಕ್ಕಳು ಗೋಡೆಗೆ ಬರೆದು ಅಂಟಿಸಿದ್ದಾರೆ. ನನ್ನ ಮುಖ್ಯ ದೂರು ಇದೇ.

ವಾರ್ಷಿಕ ಪರೀಕ್ಷೆಗೆ ಮೊದಲು ಕಡಲೆ ಕಿತ್ತು ಒಣಗಿಸಿ ಬಡಿದೆವು. ಬೇರು ಕಳೆದುಕೊಂಡ ಆರು ಮಕ್ಕಳಿಗೆ ಉಳಿದವರು ತಮ್ಮ ಗಿಡದಲ್ಲಿ ಪಾಲು ಕೊಟ್ಟರು. ಎಲ್ಲ ಕಾಳು ಕೂಡಿಸಿದಾಗ ಖಾತುನಬಿಯವರ ಬೊಗಸೆ ತುಂಬಿ ಚೆಲ್ಲಿತು. ಬೂದಿ ಕಲಸಿ ಬುರುಡೆಗೆ ತುಂಬುವ ಮೊದಲು ಅವರು ಇಪ್ಪತ್ತೈದು ಕಾಳು ಎಣಿಸಿ ಅಫ್ರೀನಳ ಕೈಗಿಟ್ಟು, "ಮುಂದಿನ ವರ್ಷದ ಮಕ್ಕಳಿಗಿ" ಎಂದರು. ಇಲಿ ತಿಂದ ಮೂಲೆಗೆ ಅವಳು ಹಾಳೆ ಅಂಟಿಸಿ ಒಂದು ಕಾಳು ಬರೆದು, ಅದರ ಪಕ್ಕದಲ್ಲಿ ಗಡ್ಡವಿರುವ ಯಾರನ್ನೋ ಬರೆದಿದ್ದಾಳೆ.

ಕಾರಣ, ತಾವು ಬರುವ ವರ್ಷವೂ ಈ ಸಲ ಬಂದಂತೆಯೇ ಬಿತ್ತಿದ ಮೂವತ್ಮೂರನೇ ದಿನಕ್ಕೆ ಸರಿಯಾಗಿ, ಮುಂಗಡ ತಿಳಿಸಿ, ಹಾಜರಿ ಹಾಕಿ, ಕುಡಿಯನ್ನಷ್ಟೇ ಬೆರಳಗಲ ಅಳೆದು ತಿಂದು, ಬೇರಿಗೆ ಕೈ ಅಂದರೆ ಬಾಯಿ ಹಾಕದೆ, ಕಿಟಕಿಯ ಗಿಡವನ್ನೂ ಈ ಸಲ ದಯವಿಟ್ಟು ಮರೆಯದೆ, ನನಗೂ ಒಂದು ದಿನದ ತರಬೇತಿ ಕೊಟ್ಟು ಹೋಗಬೇಕೆಂದು ಕೋರುತ್ತೇನೆ.

ಹುಲ್ಲು ಹಸಿರಾಗಿರಲಿ, ಹಗ್ಗ ಗಟ್ಟಿಯಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಸುನೀತಾ, ಮೂರನೇ ತರಗತಿಯ ಶಿಕ್ಷಕಿ

ತಾ.ಕ.: ಇದು ಎರಡನೇ ಪ್ರತಿ. ಮೊದಲ ಪ್ರತಿಯಲ್ಲಿ ಎರಡು ಪುಟ ಬರಿಯ ಬೈಗುಳವಿತ್ತು. ಕಿಟಕಿಯಲ್ಲಿಟ್ಟಿದ್ದ ಆ ಪುಟಗಳನ್ನು ತಾವು ಮೊನ್ನೆ ಖುದ್ದಾಗಿ ಸ್ವೀಕರಿಸಿ ನುಂಗಿದ್ದೀರಿ, ಆದ್ದರಿಂದ ಅವು ತಲುಪಿದವೆಂದೇ ತಿಳಿದಿದ್ದೇನೆ. ಆ ಇಪ್ಪತ್ತೈದು ಕಾಳು ಕಪಾಟಿನಲ್ಲಿವೆ, ಬೀಗದ ಕೈ ನನ್ನ ಹತ್ತಿರವಿದೆ. ಅದನ್ನು ಅಫ್ರೀನಳಿಗೆ ಕೊಟ್ಟಿಲ್ಲ, ದಾರೀಲೆ ಹೋಗುವವರನ್ನು ಆ ಹುಡುಗಿ ಇನ್ನೂ ಊಟಕ್ಕೆ ಕರೆಯುತ್ತಲೇ ಇದ್ದಾಳೆ.