ಹಳದಿ ಬೆಲ್ಟೂ ನಮ್ಮನೆ ಫ್ರಿಜ್ಜೂ

ಆ ದಿನ ಡೈರಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ: "ಆರು ವಾರದಲ್ಲಿ ಹಳದಿ ಬೆಲ್ಟು. ನಾಲ್ಕು ವರ್ಷದಲ್ಲಿ ಕಪ್ಪು ಬೆಲ್ಟು. ಆಮೇಲೆ ನೋಡೋಣ." ಈ "ಆಮೇಲೆ ನೋಡೋಣ" ಎಂಬುದರೊಳಗೆ ನನ್ನದೇ ಒಂದು ಕರಾಟೆ ಶಾಲೆ, ಅದರ ಬಾಗಿಲಿಗೆ ನನ್ನ ಹೆಸರಿನ ಫಲಕ, ನನ್ನನ್ನು ಕಂಡರೆ ಗಡಗಡ ನಡುಗುವ ಇಡೀ ಓಣಿ ಎಲ್ಲವೂ ಅಡಗಿದ್ದವು. ಆಗ ನಾನು ಕರಾಟೆ ಕ್ಲಬ್ಬಿಗೆ ಸೇರಿ ಎರಡೂವರೆ ತಿಂಗಳಾಗಿತ್ತು ಅಷ್ಟೆ. ಬಿಳಿ ಬೆಲ್ಟು ಕಟ್ಟಿಕೊಳ್ಳುವುದನ್ನು ಕಲಿಯಲು ಅದರಲ್ಲಿ ಎರಡು ವಾರ ಹೋಗಿತ್ತು.

ನಾನು ಸೇರಿದ್ದು ನನಗಾಗಿ ಅಲ್ಲ, ಮಗಳಿಗಾಗಿ. ಅವಳಿಗೆ ಏಳು ವರ್ಷ. ಚೋಟುದ್ದ ಇದ್ದಾಳೆಂದು ಎಲ್ಲರ ಬಾಯಲ್ಲೂ ಚೋಟಿ. ಹೊಸ ಜಾಗವೆಂದರೆ ಹೆದರುತ್ತಾಳೆ, ಒಬ್ಬಳನ್ನೇ ಬಿಟ್ಟರೆ ಅಳುತ್ತಾಳೆ, ಅದಕ್ಕೇ ಜೊತೆಗೆ ನಾನೂ ಸೇರಿಬಿಟ್ಟೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೆ. ಈಗ ಗ್ರೇಡಿಂಗ್ ಎಂಬ ಪರೀಕ್ಷೆ ಬಂದು ಎದುರಿಗೆ ನಿಂತಿತ್ತು. ಬಿಳಿ ಬೆಲ್ಟಿನವರಿಗೆ ಸಂಜೆ ಐದರ ತರಗತಿ, ಹಳದಿಯವರಿಗೆ ಆರರದ್ದು. ಒಬ್ಬರು ಪಾಸಾಗಿ ಇನ್ನೊಬ್ಬರು ಉಳಿದರೆ ತಾಯಿ ಮಗಳು ಬೇರೆ ಬೇರೆ. ಚೋಟಿ ಪಾಸಾಗುವುದರಲ್ಲಿ ಅನುಮಾನವಿರಲಿಲ್ಲ. ನಾನು ಉಳಿದುಬಿಟ್ಟರೆ? ದೊಡ್ಡ ಮಕ್ಕಳ ಆ ಗುಂಪಿನಲ್ಲಿ ನನ್ನ ಕಂದ ಒಬ್ಬಳೇ ನಿಂತು ಬಾಗಿಲು ನೋಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು.

ಹೀಗಾಗಿ ನಾನು ಪಾಸಾಗಲೇಬೇಕಿತ್ತು.

ಪರೀಕ್ಷೆಯಲ್ಲಿ ಮುಖ್ಯವಾದದ್ದು ಕಟಾ. ನಾಲ್ಕು ದಿಕ್ಕಿನಿಂದಲೂ ಶತ್ರುಗಳು ಬಂದಿದ್ದಾರೆ ಎಂದು ತಿಳಿದು, ಇಪ್ಪತ್ತು ಹೆಜ್ಜೆಗಳಲ್ಲಿ ತಿರುತಿರುಗಿ ತಡೆಯುವುದು, ಗುದ್ದುವುದು, ಕೊನೆಯಲ್ಲಿ ಒಂದು ಭಯಂಕರ ಕೂಗು ಹಾಕುವುದು. ತರಗತಿಯಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತು ಮುಂದಿನವರನ್ನು ನೋಡಿಕೊಂಡು ತಿರುಗುತ್ತಿದ್ದೆ. ಗ್ರೇಡಿಂಗಿನಲ್ಲಿ ಒಬ್ಬೊಬ್ಬರೇ ಮಾಡಬೇಕು. ನಮ್ಮ ಮಾಸ್ಟರ್, ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ಮೆಲುದನಿಯ ಹೆಂಗಸು, "ಮನೇಲಿ ದಿನಾ ಹತ್ತು ಸಲ ಮಾಡಿ, ಸಾಕು" ಎಂದರು.

ಮನೆಯಲ್ಲಿ ನನಗೆ ಪುರಸೊತ್ತು ಸಿಗುವುದು ಅಡುಗೆಮನೆಯಲ್ಲಿ ಮಾತ್ರ. ಕುಕ್ಕರ್ ಮೂರನೇ ಸೀಟಿ ಹಾಕುವುದರೊಳಗೆ ಎರಡು ಕಟಾ, ಹಾಲು ಉಕ್ಕುವುದರೊಳಗೆ ಒಂದು. ಬೇಗನೆ ಬಾಯಿಪಾಠವಾಯಿತು. ಫ್ರಿಜ್ ಎದುರು ನಿಲ್ಲು. ಸಿಂಕಿನ ಕಡೆ ತಿರುಗು, ತಡೆ, ಗುದ್ದು. ಒಲೆಯ ಕಡೆ ತಿರುಗು, ತಡೆ, ಗುದ್ದು. ಫ್ರಿಜ್ ಕಡೆ ಮೂರು ಹೆಜ್ಜೆ, ಮೂರು ಗುದ್ದು. ಹಿಂದಕ್ಕೆ ತಿರುಗಿದರೆ ವಾಷಿಂಗ್ ಮಷೀನು. ನಾಲ್ಕು ದಿಕ್ಕಿಗೆ ನಾಲ್ಕು ಶತ್ರುಗಳು, ಎಲ್ಲರೂ ಪರಿಚಯಸ್ಥರು. ಅದರಲ್ಲೂ ಫ್ರಿಜ್ ಎಲ್ಲಿದೆ ಎಂದು ಗೊತ್ತಾದರೆ ಸಾಕು, ಉಳಿದ ಅಡುಗೆಮನೆ ತಾನಾಗಿ ತಲೆಯೊಳಗೆ ಜೋಡಣೆಯಾಗುತ್ತಿತ್ತು.

"ಅಮ್ಮಾ, ಎಣಿಸ್ಕೊಂಡು ಮಾಡು" ಎಂದಳು ಚೋಟಿ. "ನಾನು ಒಂದು, ಎರಡು ಅಂತ ಇಪ್ಪತ್ತರ ತನಕ ಎಣಿಸ್ತೀನಿ. ಎಲ್ಲಿ ನಿಂತ್ರೂ ಬರುತ್ತೆ."

"ನಿನ್ನ ತಲೇಲಿ ಜಾಗ ಇದೆ, ಪುಟ್ಟಾ. ನನ್ನ ತಲೇಲಿ ಗ್ಯಾಸ್ ಬುಕಿಂಗು, ನಿನ್ನ ಇಂಜೆಕ್ಷನ್ ತಾರೀಖು, ಅಪ್ಪನ ಕನ್ನಡಕ ಎಲ್ಲಿಟ್ಟಿದ್ದಾರೆ ಅನ್ನೋದು, ಎಲ್ಲಾ ತುಂಬ್ಕೊಂಡಿದೆ. ಇಪ್ಪತ್ತು ನಂಬರಿಗೆ ಜಾಗ ಇಲ್ಲ."

ನನ್ನ ಯಜಮಾನರು ತೊಂದರೆ ಕೊಡದ ಮನುಷ್ಯ. ಹಾಗೆ ತಿಳಿದಿದ್ದೆ. ಗ್ರೇಡಿಂಗಿಗೆ ಇನ್ನು ಮೂರೇ ದಿನ ಇರುವಾಗ ನಾನು ಕೆಲಸ ಮುಗಿಸಿ, ಔಷಧಿ ಅಂಗಡಿಯ ಕೋಟನ್ನು ಮೊಳೆಗೆ ನೇತುಹಾಕಿ ಒಳಗೆ ಬಂದೆ. ಅವರು ಹಾಲಿನಲ್ಲಿ ಸೋಫಾದ ಪಕ್ಕ ಸೊಂಟಕ್ಕೆ ಕೈಯಿಟ್ಟು, ಪದಕ ಗೆದ್ದವರಂತೆ ನಿಂತಿದ್ದರು. ಅವರ ಬೆನ್ನಹಿಂದೆ ಫ್ರಿಜ್ ನಿಂತಿತ್ತು.

"ಇದ್ಯಾಕ್ರೀ ಇಲ್ಲಿದೆ?"

"ನಿಂಗೆ ಕೈಕಾಲು ಆಡಿಸೋಕೆ ಜಾಗ ಸಾಲ್ತಾ ಇರ್ಲಿಲ್ವಲ್ಲ. ಕೆಳಗೆ ಹಳೇ ಬೆಡ್‌ಶೀಟ್ ಹಾಕಿ ಒಬ್ಬನೇ ಎಳ್ಕೊಂಡ್ ಬಂದೆ. ಹೋಗು, ಮಾಡಿ ನೋಡು, ಮೈದಾನ ಆಗಿದೆ."

ಅಡುಗೆಮನೆಗೆ ಹೋಗಿ ನಿಂತೆ. ಎದುರಿಗೆ ಬೋಳು ಗೋಡೆ. ಕೆಳಗೆ ಧೂಳು, ಕಳೆದ ವರ್ಷ ಕಳೆದುಹೋದ ಒಂದು ಚಮಚ. ಕೈಯೆತ್ತಿದೆ. ಎಡಕ್ಕೋ ಬಲಕ್ಕೋ ಹೊಳೆಯಲಿಲ್ಲ. ಆರು ವಾರದ ತಪಸ್ಸು ಬೆಡ್‌ಶೀಟಿನ ಮೇಲೆ ಜಾರಿ ಹಾಲಿಗೆ ಹೋಗಿ ಕುಳಿತಿತ್ತು.

"ರೀ, ಅದನ್ನ ವಾಪಸ್ ಇಡಿ."

"ಆಗಲ್ಲ ಕಣೇ, ಬೆನ್ನು ಹಿಡ್ಕೊಂಡಿದೆ. ಒಂದು ವಾರ ಭಾರ ಎತ್ತಬಾರ್ದು ಅಂತ ನೀನೇ ಎಲ್ಲರಿಗೂ ಮುಲಾಮು ಕೊಡುವಾಗ ಹೇಳ್ತೀಯಲ್ಲ."

ಎರಡು ದಿನ ಹಾಲಿನಲ್ಲಿ ಮಾಡಿ ನೋಡಿದೆ. ಒಲೆ ಇರಬೇಕಾದಲ್ಲಿ ಕಿಟಕಿ, ಸಿಂಕ್ ಇರಬೇಕಾದಲ್ಲಿ ಟೀವಿ. ಟೀವಿಯನ್ನು ಗುದ್ದಲು ಧೈರ್ಯ ಬರಲಿಲ್ಲ, ಕಂತು ಇನ್ನೂ ಮುಗಿದಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಬಟ್ಟೆ ಮಡಚುತ್ತಿದ್ದಾಗ, ಅವರ ಬಿಳಿ ಶರ್ಟು ಕೈಗೆ ಬಂತು. ಅಲ್ಲೇ ನನ್ನ ಬುದ್ಧಿ ಮಿಂಚಿತು.

"ರೀ, ನಾಳೆ ನೀವು ಫ್ರಿಜ್ ಆಗ್ಬೇಕು."

"ಏನಾಗ್ಬೇಕು?"

"ಈ ಶರ್ಟ್ ಹಾಕ್ಕೊಂಡು ಪರೀಕ್ಷಕರ ಹಿಂದೆ ಗೋಡೆಗೆ ಒರಗಿ ನಿಂತ್ಕೊಳ್ಳಿ. ನಾನು ನಿಮ್ಮನ್ನ ನೋಡ್ಕೊಂಡು ದಿಕ್ಕು ಹಿಡೀತೀನಿ. ಅಲ್ಲಾಡಬಾರ್ದು, ಮಾತಾಡಬಾರ್ದು."

"ಮದುವೆ ಆದಾಗಿಂದ ಅದನ್ನೇ ತಾನೆ ಮಾಡ್ತಿರೋದು" ಎಂದರು.

ಮರುದಿನ ಕ್ಲಬ್ಬಿನ ಸಭಾಂಗಣ ಗಿಜಿಗುಡುತ್ತಿತ್ತು. ಗೋಡೆಯುದ್ದಕ್ಕೂ ಬೆಂಚುಗಳ ಮೇಲೆ ಅಪ್ಪ ಅಮ್ಮಂದಿರು. ಒಂದು ಮೇಜು, ಮೇಜಿನ ಹಿಂದೆ ಬೇರೆ ಕ್ಲಬ್ಬಿನಿಂದ ಬಂದ ಪರೀಕ್ಷಕರು. ನಗುವನ್ನು ಮನೆಯಲ್ಲೇ ಬಿಟ್ಟು ಬಂದ ಮುಖ. ಅವರ ಪಕ್ಕದಲ್ಲಿ ನಮ್ಮ ಮಾಸ್ಟರ್, ಹಿಂದೆ ಬಿಳಿ ಶರ್ಟಿನ ನನ್ನ ಫ್ರಿಜ್. ಹಳದಿ ಬೆಲ್ಟಿಗೆ ಕಾದ ಸಾಲಿನಲ್ಲಿ ಏಳೆಂಟು ವರ್ಷದ ಆರು ಮಕ್ಕಳು, ನಡುವೆ ದೀಪದ ಕಂಬದಂತೆ ನಾನು.

ಚೋಟಿ ಮೊದಲು ಹೋದಳು. ಅಳುತ್ತಾಳೇನೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಅವಳು ಪಟಪಟನೆ ಇಪ್ಪತ್ತು ಹೆಜ್ಜೆ ಮುಗಿಸಿ ಕೊನೆಯಲ್ಲಿ ಕೂಗಿದ ಕೂಗಿಗೆ ಪರೀಕ್ಷಕರ ಪೆನ್ನು ಮೇಜಿನಿಂದ ಉರುಳಿತು. ಇನ್ನು ನಾನು ಪಾಸಾಗದಿದ್ದರೆ ದೇವರೂ ಕ್ಷಮಿಸಲಾರ ಎಂದುಕೊಂಡೆ.

ನನ್ನ ಸರದಿ. ನಮಸ್ಕರಿಸಿ ನಿಂತೆ. ಫ್ರಿಜ್ ಎದುರಿಗೇ ಇತ್ತು, ಕಣ್ಣಲ್ಲೇ ಧೈರ್ಯ ಹೇಳಿತು. ಸಿಂಕಿಗೆ ತಡೆ, ಗುದ್ದು. ಒಲೆಗೆ ತಡೆ, ಗುದ್ದು. ಫ್ರಿಜ್ ಕಡೆ ಮೂರು ಹೆಜ್ಜೆ. ಎಂತಹ ಮೂರು ಹೆಜ್ಜೆ! ಪರೀಕ್ಷಕರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ಹುಮ್ಮಸ್ಸಿನಿಂದ ವಾಷಿಂಗ್ ಮಷೀನಿನ ಕಡೆ ತಿರುಗಿದೆ.

ಆ ಹೊತ್ತಿಗೆ ಫ್ರಿಜ್ಜಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕಿತು. ಅದು ಮೊಬೈಲ್ ತೆಗೆಯಿತು. ಹಿಂದಿನಿಂದ ವಿಡಿಯೋ ಚೆನ್ನಾಗಿ ಬರುವುದಿಲ್ಲವೆಂದು ಗೋಡೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ನಾನು ತಿರುಗಿ ನೋಡುವಾಗ ಫ್ರಿಜ್ ಎಡಗಡೆಗಿತ್ತು. ಎಲ್ಲೋ ತಪ್ಪಾಯಿತು ಎಂದು ಒಂದು ಕ್ಷಣ ಅನಿಸಿತು. ಆದರೆ ಆರು ವಾರ ನಂಬಿದ ಫ್ರಿಜ್ಜನ್ನು ಒಂದು ಕ್ಷಣದಲ್ಲಿ ಹೇಗೆ ಅನುಮಾನಿಸುವುದು? ತಪ್ಪು ನನ್ನದೇ ಇರಬೇಕೆಂದು ಅದರ ಕಡೆ ತಿರುಗಿ ಮುಂದುವರಿಸಿದೆ. ಅವರು ಇನ್ನಷ್ಟು ಸರಿದರು, ನಾನು ಇನ್ನಷ್ಟು ತಿರುಗಿದೆ. ಸೂರ್ಯಕಾಂತಿಯೂ ಸೂರ್ಯನನ್ನು ಅಷ್ಟು ಶ್ರದ್ಧೆಯಿಂದ ಹಿಂಬಾಲಿಸುವುದಿಲ್ಲ. ಕೊನೆಯ ಗುದ್ದಿಗೆ ಫ್ರಿಜ್ ಹೊರಬಾಗಿಲಿನ ಪಕ್ಕ ತಲುಪಿತ್ತು. ಅತ್ತ ನೆಗೆದು, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

ಆಗ ತಾನೇ ಬಾಗಿಲು ತೆರೆದು ಒಳಗೆ ಕಾಲಿಟ್ಟ ಯಾರದೋ ಅಜ್ಜಿ ಕೈಚೀಲವನ್ನು ಎದೆಗೆ ಒತ್ತಿಕೊಂಡು ಹೇಳಿದರು: "ನಾನು ಮೊಮ್ಮಗನ್ನ ನೋಡೋಕೆ ಬಂದೆ ಕಣಮ್ಮಾ, ಅಷ್ಟೆ."

ಬೆನ್ನ ಹಿಂದಿನಿಂದ ಪರೀಕ್ಷಕರ ದನಿ ಬಂತು. "ಅಮ್ಮಾ, ನಾವು ಈ ಕಡೆ ಇದ್ದೀವಿ."

"ಗೊತ್ತು ಸರ್. ಫ್ರಿಜ್ ಸರಿದುಬಿಡ್ತು."

ಪರೀಕ್ಷಕರು ಮಾಸ್ಟರನ್ನು ನೋಡಿದರು. ಮಾಸ್ಟರ್ ಛಾವಣಿ ನೋಡಿದರು. ನನ್ನ ಯಜಮಾನರು ಮೊಬೈಲನ್ನು ಜೇಬಿಗೆ ಇಳಿಸಿ ಕೈಯೆತ್ತಿದರು. "ತಪ್ಪು ಅವಳದಲ್ಲ ಸರ್. ನಾನೇ ಫ್ರಿಜ್ಜು."

ಮಾಸ್ಟರ್ ಪರೀಕ್ಷಕರ ಕಿವಿಯಲ್ಲಿ ಏನೋ ಹೇಳಿದರು. ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಇನ್ನೊಂದು ಸಲ ಮಾಡಿ. ಫ್ರಿಜ್ ಹೊರಗಿರಲಿ."

ಫ್ರಿಜ್ ತಲೆ ತಗ್ಗಿಸಿಕೊಂಡು ಹೊರಗೆ ಹೋಯಿತು. ಒಂಟಿಯಾಗಿ ನಿಂತೆ. ಸಾಲಿನ ಕೊನೆಯಲ್ಲಿ ಚೋಟಿಯ ತುಟಿಗಳು ಅಲ್ಲಾಡುತ್ತಿದ್ದವು: ಒಂದು, ಎರಡು, ಮೂರು. ಆ ತುಟಿಗಳನ್ನು ಹಿಡಿದುಕೊಂಡು ಹದಿನಾಲ್ಕರ ತನಕ ನಡೆದೆ. ಹದಿನೈದಕ್ಕೆ ಅವಳಿಗೆ ಸೀನು ಬಂತು. ಮುಂದೇನೆಂದು ತೋಚದೆ, ಯುದ್ಧ ಗೆದ್ದವಳ ಠೀವಿಯಿಂದ ಪರೀಕ್ಷಕರಿಗೆ ನಮಸ್ಕರಿಸಿ ಮುಗಿಸಿಬಿಟ್ಟೆ.

ಫಲಿತಾಂಶ ಅಲ್ಲೇ ಓದಿದರು. ಆರೂ ಮಕ್ಕಳು ಪಾಸು. ನನಗೆ ಅರ್ಧ ಪಾಸು. ಎಂದರೆ ಬೆಲ್ಟು ಬಿಳಿಯದೇ, ಅದರ ತುದಿಗೆ ಬೆರಳಗಲದ ಒಂದು ಹಳದಿ ಪಟ್ಟಿ. ಸಾಮಾನ್ಯವಾಗಿ ಅದನ್ನು ಐದು ವರ್ಷದೊಳಗಿನ ಮಕ್ಕಳಿಗೆ, ಬೇಜಾರಾಗದಿರಲಿ ಎಂದು ಕೊಡುತ್ತಾರಂತೆ. ಮಾಸ್ಟರೇ ಬಾಗಿ ಅಂಟಿಸಿದರು. "ಮೊದಲ ಹದಿನಾಲ್ಕು ಚೆನ್ನಾಗಿತ್ತು" ಎಂದರು.

ಪಟ್ಟಿಗೆ ನನಗೆ ಬೇಸರವಿರಲಿಲ್ಲ. ಕಣ್ಣು ಚೋಟಿಯ ಮೇಲಿತ್ತು. ಹೊಸ ಹಳದಿ ಬೆಲ್ಟು ಅವಳ ಸೊಂಟಕ್ಕೆ ಎರಡು ಸುತ್ತು ಬಂದು ತುದಿಗಳು ಮೊಣಕಾಲಿನ ತನಕ ಇಳಿದಿದ್ದವು. ನಾಳೆಯಿಂದ ಆರು ಗಂಟೆಗೆ ಇವಳು ಒಬ್ಬಳೇ. ಹೇಗೆ ಹೇಳಲಿ? ಮೂಲೆಗೆ ಕರೆದುಕೊಂಡು ಹೋಗಿ ಮಂಡಿಯೂರಿ ಕುಳಿತು ಕೈ ಹಿಡಿದುಕೊಂಡೆ.

"ಕಂದಾ, ಇನ್ಮೇಲೆ ನಾನು ಐದು ಗಂಟೆ ಕ್ಲಾಸು, ನೀನು ಆರು ಗಂಟೇದು. ಅಮ್ಮ ಜೊತೆಗಿರಲ್ಲ. ಭಯ ಆಗುತ್ತಾ?"

"ಇಲ್ವಲ್ಲ."

"ನಿಜ ಹೇಳು. ಬೇಡ ಅಂದ್ರೆ ಮಾಸ್ಟರ್ ಹತ್ರ ಮಾತಾಡ್ತೀನಿ. ಮುಂದಿನ ಗ್ರೇಡಿಂಗ್ ತನಕ ನನ್ನ ಜೊತೇಲೇ ಇರ್ಬಹುದು."

ಚೋಟಿ ನನ್ನ ಕೆನ್ನೆ ಸವರಿ, ಸಮಾಧಾನದ ದನಿಯಲ್ಲಿ ಹೇಳಿದಳು.

"ಭಯ ನಂಗಲ್ಲಮ್ಮಾ, ನಿಂಗೆ. ಅಮ್ಮ ಎಲ್ಲಿಗೂ ಒಬ್ಬಳೇ ಹೋಗಲ್ಲ, ಅಭ್ಯಾಸ ಆಗೋ ತನಕ ನೀನು ಜೊತೆಗಿರು ಅಂತ ಅಪ್ಪ ಹೇಳಿದ್ರು. ಅದಕ್ಕೇ ನಾನು ಸೇರಿದ್ದು. ಈಗ ಐದು ಗಂಟೆ ಕ್ಲಾಸಲ್ಲಿ ನಿಂಗೆ ಎಲ್ಲರೂ ಗೊತ್ತಲ್ಲ, ಅಳಬೇಡ ಆಯ್ತಾ?"