ಹತ್ತು ದಿನಕ್ಕೆ ಎರಡು ಚಮಚ

ನನ್ನ ತಮ್ಮನಂಥ ಪುಕ್ಕಲನನ್ನು ನೀವು ಕಂಡಿರಲಾರಿರಿ, ಬೇಕಾದರೆ ಪಂಥ ಕಟ್ಟುತ್ತೇನೆ. ಹಾವಿಗೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಂತೂ ಮನೆಗೊಬ್ಬರು. ಇವನು ಹೆದರುತ್ತಿದ್ದುದು ಒಂದು ತಂಬಿಗೆ ನೀರಿಗೆ! ಅದೂ ಯಾರು? ತುರ್ವಿಹಾಳದ ಹತ್ತಿರ ಕಾಲುವೆಯ ತೂಬು ಕಾಯುವ ಲಷ್ಕರ್! ಬೆಳಗಾಗೆದ್ದು ಕೀಲಿ ತೆಗೆದು ತೂಬು ಎತ್ತಿದನೆಂದರೆ ಕಣ್ಣು ಹರಿದಷ್ಟು ದೂರದ ಭತ್ತಕ್ಕೆ ನೀರು. ಮನೆಗೆ ಬಂದನೆಂದರೆ ಒಂದು ಗಿಡದ ಮೇಲೆ ಹನಿ ನೀರು ಬಿದ್ದೀತೆಂದು ಎದೆ ಹಿಡಿದುಕೊಂಡು ಕೂರುತ್ತಿದ್ದ.

ಗಿಡ ಅವನ ಹೆಂಡತಿಯದು. ವರ್ಗವಾಗಿ ಹೋದ ಸಾಹೇಬರ ಮನೆಯಾಕೆ ಕೊಟ್ಟದ್ದು. ಮುಷ್ಟಿಯಷ್ಟು ಗಾತ್ರ, ದಪ್ಪದಪ್ಪ ಎಲೆಗಳು ಸುತ್ತಲೂ ಒತ್ತಾಗಿ ಜೋಡಿಸಿಕೊಂಡು ಹಸಿರು ಹೂವಿನ ಹಾಗೆ ಕೂತಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲೆಯೊಳಗೇ ನೀರು ಕೂಡಿಟ್ಟುಕೊಳ್ಳುವ ಜಾತಿ. ಹೆಚ್ಚು ಕುಡಿಸಿದರೆ ಬೇರು ಕೊಳೆಯುತ್ತದೆ. ಎರಡು ಸಲ ಬಸಿರು ನಿಲ್ಲದೆ ಸೋತಿದ್ದ ಆ ಹುಡುಗಿ, ಮೂರನೆಯ ಸಲ ದಿನ ತುಂಬುತ್ತ ಬಂದು ಲಿಂಗಸುಗೂರಿನ ತವರಿಗೆ ಹೊರಟಾಗ ಗಂಡನಿಗೆ ಹೇಳಿದ್ದು ಇಷ್ಟೇ: "ಹತ್ತು ದಿನಕ್ಕ ಎರಡ ಚಮಚ. ನಡುವಿನ ಸುಳಿಗೆ ಹಾಕಬ್ಯಾಡ್ರಿ. ನಾ ಬರೂತನಕ ಉಳಿಸ್ರಿ."

ಅವನಿಗೆ ಅಡಿಗೆ ಮಾಡಿ ಹಾಕಲು ನಾನು ಮಸ್ಕಿಯಿಂದ ಬಂದೆ. ಬಂದು ನೋಡಿದರೆ ಏನು ಹೇಳಲಿ! ಎರೆಮಣ್ಣು ನೀರು ಹಿಡಿಯುತ್ತದೆಂದು ಹಳ್ಳದ ಉಸುಕು ತಂದು ಜರಡಿ ಹಿಡಿಯುತ್ತಿದ್ದಾನೆ, ಅದೂ ಹಿಟ್ಟಿನ ಜರಡಿಯಲ್ಲಿ! ಎಲೆಯ ಮೇಲಿನ ಧೂಳನ್ನು ತನ್ನ ಕ್ಷೌರದ ಬ್ರಷ್ಷಿನಿಂದ ಒರೆಸುತ್ತಿದ್ದಾನೆ. ಅವನ ಮುಖದಲ್ಲಿ ಎಂಟು ದಿನದ ಗಡ್ಡ. ಗಿಡ ಮಾತ್ರ ಮದುಮಗನ ಹಾಗೆ ನುಣ್ಣಗಿತ್ತು.

ಗಿಡಕ್ಕೆ ದೊಡ್ಡ ವೈರಿ ಯಾರೆಂದುಕೊಂಡಿರಿ? ಆಡೂ ಅಲ್ಲ, ಕೋಳಿಯೂ ಅಲ್ಲ, ಜನರ ಕರುಣೆ! ಕಾಲುವೆ ಬರುವ ಮುಂಚೆ ಕೊಡ ನೀರಿಗಾಗಿ ಹರದಾರಿ ನಡೆದವರು ನಾವು. ಅಂಥವರು ಒಣ ಉಸುಕಿನಲ್ಲಿ ಕೂತ ಗಿಡ ಕಂಡು ಸುಮ್ಮನಿರುತ್ತಾರೆಯೇ? ಹೊಲಕ್ಕೆ ನೀರಿನ ಪಾಳಿ ಕೇಳಲು ಬಂದವರೆಲ್ಲ ಗಿಡವಿದ್ದ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಉಳಿದದ್ದನ್ನು ಪುಣ್ಯ ಬರಲೆಂದು ಅದಕ್ಕೆ ಸುರಿಯಲು ಹೋಗುವವರೇ. ಕಾಲುವೆಯ ತುದಿಯಲ್ಲಿ ಹೊಲವಿದ್ದ ಒಬ್ಬ ಅಜ್ಜ ಒಂದು ದಿನ "ಪಾಪ, ಬಾಯಾರೇತಿ" ಎಂದು ತಂಬಿಗೆ ಬಗ್ಗಿಸಿಯೇ ಬಿಟ್ಟ.

"ಅಜ್ಜಾ! ಕೊಂದಿ! ಕೊಂದ ಬಿಟ್ಟಿ!" ತಮ್ಮ ಕಿರುಚಿಕೊಂಡ.

"ನನ ಹೊಲಕ್ಕ ನೀರ ಕೊಡು ಅಂದ್ರ ಪಾಳಿ ಬಂದಿಲ್ಲ ಅಂತಿ. ನಿನ ಗಿಡಕ್ಕ ನಾ ಕೊಟ್ರ ಬೈತಿ. ನೀ ಎಂಥಾ ಲಷ್ಕರಲೇ?" ಎಂದ ಅಜ್ಜ.

ತಮ್ಮ ಗಿಡ ಕಿತ್ತು, ಬೇರು ಒರೆಸಿ, ಮೊರದಲ್ಲಿ ಆರಲು ಇಟ್ಟ. ಪಕ್ಕದಲ್ಲೇ ನನ್ನ ಸಂಡಿಗೆ ಒಣಗುತ್ತಿತ್ತು. ಕಾಗೆ ಬಂದರೆ ಮೊದಲು ಗಿಡ ಕಾಯಬೇಕೆಂದು ನನಗೆ ಹುಕುಂ! ಮೂರು ದಿನದ ನಂತರ ಮತ್ತೆ ನೆಟ್ಟ, ಗಿಡ ಚಿಗುರಿಕೊಂಡಿತು. ಸಂಡಿಗೆಯನ್ನು ಕಾಗೆಗಳು ತಿಂದು ಮುಗಿಸಿದ್ದವು.

ಅಷ್ಟರಲ್ಲಿ ಕೆಳಗಿನ ಎರಡು ಎಲೆ ಒಣಗಿದವು. ಆದರೂ ತಮ್ಮ ಹೆಂಡತಿಗೆ ಕಾರ್ಡು ಬರೆದ: "ಗಿಡ ಆರಾಮ ಐತಿ." ನಾಲ್ಕು ದಿನಕ್ಕೆ ಅವಳ ಕಾರ್ಡು ಬಂತು: "ನಾನೂ ಆರಾಮ ಅದೀನಿ." ಸಂತೋಷಪಡಬೇಕೋ ಬೇಡವೋ? ಇವನು ಕಾರ್ಡು ಹಿಡಿದುಕೊಂಡು ಬಿಳಿಚಿ ನಿಂತ.

"ಅಕ್ಕಾ, ನಾ ಸುಳ್ಳ ಬರದೀನಿ. ಆಕಿನೂ ಸುಳ್ಳ ಬರದಿದ್ರ?"

"ನಿನ್ನ ತಲಿ! ಊಟಕ್ಕ ಬಾ," ಎಂದೆ.

ಇದೆಲ್ಲ ಹೋಗಲಿ ಎಂದರೆ, ಅವಳ ದಿನ ಹತ್ತಿರ ಬಂದಾಗ ಗಿಡದ ನಡುವಿನಿಂದ ಒಂದು ಕಡ್ಡಿ ಎದ್ದಿತು, ತುದಿಯಲ್ಲಿ ಮೊಗ್ಗು! ನಾನು ಕುಣಿಯುವುದೊಂದು ಬಾಕಿ. ಅವನು ಅನ್ನ ಬಿಟ್ಟ. ಮುಂಜಾನೆ ನೋಡಿದ, ತೂಬಿನಿಂದ ಓಡಿಬಂದು ನೋಡಿದ, ಕಡ್ಡಿಗೆ ಬೆರಳಿಟ್ಟು ಅಳೆದ. ಕೊನೆಗೆ ನನಗೆ ಸಿಟ್ಟು ಬಂದು, "ಅಷ್ಟು ಫಿಕೀರಿದ್ರ ಕೊಯ್ದ ಒಗಿಯಲೇ!" ಎಂದು ಈಳಿಗೆ ಮಣೆ ಮುಂದಿಟ್ಟೆ. ಮುಟ್ಟಲಿಲ್ಲ.

"ಬದುವಿನ ಕತ್ತಾಳಿ ನೋಡಿಲ್ಲೇನಬೇ ಅಕ್ಕಾ? ಹೂ ಬಿಟ್ಟ ಮ್ಯಾಲ ಉಳೀತೈತೇನು? ಬಾಳಿ ಗಿಡ ಗೊನಿ ಹಾಕಿ ಉಳೀತೈತೇನು? ಹಡದು ಸಾಯೂ ಜಾತಿ ಇದ್ರ ಏನ ಮಾಡ್ಲಿ?"

ಅಷ್ಟು ದಿನ ಅವನು ಕಾಯುತ್ತಿದ್ದುದು ಗಿಡವನ್ನಲ್ಲ ಎಂದು ನನಗೆ ಅವತ್ತು ತಿಳಿಯಿತು. ಹೇಳಲು ನಾಚಿಕೆಯಾಗುತ್ತದೆ, ಮರುದಿನದಿಂದ ನಾನೂ ಮುಖ ತೊಳೆಯುವ ಮೊದಲು ಆ ಗಿಡವನ್ನೇ ನೋಡತೊಡಗಿದೆ. ಹೂ ಅರಳಿತು. ಬೆಳ್ಳಗೆ, ಸಣ್ಣಗೆ.

ಹೂ ಬಾಡಿದ ಮೂರನೆಯ ದಿನ ಲಿಂಗಸುಗೂರಿನಿಂದ ಬಂದ ಬಸ್ಸು ಕಾಲುವೆ ದಾಟುವ ಪುಲಿನ ಮೇಲೆ ನಿಂತು ಒಂದೇ ಸಮನೆ ಹಾರನ್ ಹೊಡೆಯಿತು. ನಾವು ಓಡಿಹೋದರೆ ಕಂಡಕ್ಟರ್ ಬಾಗಿಲಲ್ಲಿ ಜೋತು ಕೂಗಿದ: "ಲಷ್ಕರಪ್ಪಾ! ಹೆಣ್ಣ ಹುಟ್ಟೇತಿ! ಪೇಡೆ ತಾ!"

ಪಾಳಿ ಕೇಳಲು ಬಂದಿದ್ದ ಅಜ್ಜ "ಲಕ್ಷ್ಮಿ ಬಂದ್ಲು" ಎಂದು ಕೈ ಮುಗಿದ. ತಮ್ಮನಿಗೆ ಅದು ಕೇಳಿಸಿತೋ ಇಲ್ಲವೋ.

"ಹಡದಾಕಿ?" ಎಂದ. "ಹಡದಾಕಿ ಹೆಂಗದಾಳ?"

"ಆರಾಮ ಅದಾಳೋ ಮಾರಾಯಾ! ಗಂಜಿ ಕುಡದು, ಗಿಡ ಹೆಂಗೈತಿ ಅಂತ ಕೇಳಿ ಕಳಿಸ್ಯಾಳ!"

ತಮ್ಮ ಪುಲಿನ ಮೇಲೆ ಕುಸಿದು ಕೂತು ಗಳಗಳನೆ ಅತ್ತ. ನಾನೂ ಅತ್ತೆ. ಆಮೇಲೆ ಎದ್ದವನೇ ಎದುರಿನಿಂದ ಬಂದ, ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದ, ಬರಿಗಾಲಲ್ಲಿ! ಹತ್ತುವ ಮೊದಲು ಸೊಂಟದಲ್ಲಿದ್ದ ತೂಬಿನ ಕೀಲಿ ಕಿತ್ತು ಕೈಗೆ ಸಿಕ್ಕವರಿಗೆ ಕೊಟ್ಟ. ಯಾರಿಗೆ? ನೀರಿಗಾಗಿ ತಿಂಗಳಿಂದ ಜಗಳಾಡುತ್ತಿದ್ದ ಅಜ್ಜನಿಗೆ! ಮುಗಿಯಿತು, ಇವನ ನೌಕರಿ ಹೋಯಿತು ಎಂದುಕೊಂಡೆ.

ಸಂಜೆ ಬುತ್ತಿ ತೆಗೆದುಕೊಂಡು ತೂಬಿನ ಹತ್ತಿರ ಹೋದರೆ ಅಜ್ಜ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕಾವಲು ಕೂತಿದ್ದ. ತೂಬು ಮುಚ್ಚಿಯೇ ಇತ್ತು. ಅವನ ಹೊಲ ಬಿರಿದಿತ್ತು.

"ಯಾಕಜ್ಜಾ, ತಗೀಲಿಲ್ಲ?"

"ಮಗಳ ಮುಖಾ ನೋಡಾಕ ಹೋಗ್ಯಾನವ್ವಾ. ಅವನ ಮ್ಯಾಲ ಮಾತ ಬರಬಾರದು. ಬರಲಿ, ಬಂದ ಮ್ಯಾಲ ಬೈದು ನೀರ ಇಸಗೊಂತೀನಿ."